ತಾಯಿಗೆ ಕ್ಯಾನ್ಸರ್ ಎಂದಾಗ: ಬೆಳೆಗಾರ ಕುಟುಂಬ ತಿಳಿದಿರಬೇಕಾದ ವಿಚಾರಗಳು



ಕೊಳೆರೋಗ, ಕಾಂಡಕೊರಕಗಳ ಬಗ್ಗೆ ಈ ಪುಟಗಳಲ್ಲಿ ಬಹಳಷ್ಟು ಬರೆದಿದ್ದೇವೆ. ಈ ಸಲದ ಪಾಠ ಮನೆಯೊಳಗಿನ ರೋಗದ್ದು. ಅಡಿಕೆಯನ್ನೇ ನಂಬಿದ ನಮಗೆ ಇದು ಹೇಳಲು ಕಷ್ಟವಾದ ವಿಷಯ, ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಬೆರೆತ ಎಲೆಅಡಿಕೆಯನ್ನೂ, 2004ರ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ಸಾರಿದೆ. ಪೇಟೆಯ ಧಾರಣೆಯ ಚರ್ಚೆ ಬೇರೆ, ಮನೆಯ ಹಿರಿಯರ ಬಾಯಿಯ ಚಿಂತೆ ಬೇರೆ.

1. ಗುರುತಿಸುವ ಬಗೆ

ನಮ್ಮ ತಾಯಿಯವರು ಎಪ್ಪತ್ತು ದಾಟಿದ ಮೇಲೆ ಬನಹಟ್ಟಿಯಲ್ಲಿ ನನ್ನ ತಂಗಿಯ ಮನೆಯಲ್ಲಿದ್ದರು. ಅದು ಮಗ್ಗದ ಊರು. ಅಲ್ಲಿ ಸೀರೆ ನೇಯುವವರ ಬಾಯಲ್ಲೂ ಎಲೆಅಡಿಕೆ, ಇಲ್ಲಿ ಅಡಿಕೆ ಸುಲಿಯುವವರ ಬಾಯಲ್ಲೂ ಎಲೆಅಡಿಕೆ. ತಾಯಿಯವರ ಕೆನ್ನೆಯೊಳಗೆ ಒಂದು ಹುಣ್ಣಾಯಿತು. ‘ಉಷ್ಣದ ಹುಣ್ಣು’ ಎಂದರು ಅಕ್ಕಪಕ್ಕದವರು. ಮೂರು ವಾರವಾದರೂ ಮಾಯದ್ದನ್ನು ಕಂಡು ತಂಗಿ ವೈದ್ಯರಿಗೆ ತೋರಿಸಿದಳು. ಆರಂಭದಲ್ಲಿ ನೋವಿಲ್ಲದಿರುವುದೇ ಈ ರೋಗದ ಮೋಸ. ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಖಾರ ತಾಳದಿರುವುದು, ಕುತ್ತಿಗೆಯ ಗಂಟು ಇವು ಎಚ್ಚರಿಕೆಯ ಗುರುತುಗಳು.

ಹುಣ್ಣಿನ ತುಣುಕು ತೆಗೆದು ಪರೀಕ್ಷಿಸುವುದೇ ಬಯಾಪ್ಸಿ. ‘ಚಾಕು ತಾಗಿದರೆ ಗಂತಿ ಕೆರಳುತ್ತದೆ’ ಎಂಬ ಮಾತು ತಪ್ಪು. ಈ ಪರೀಕ್ಷೆಯಿಲ್ಲದೆ ಚಿಕಿತ್ಸೆ ನಿರ್ಧರಿಸಲಾಗದು.

2. ತಾಯಿಗೆ ಹೇಳಬೇಕೇ?

ಮುಚ್ಚಿಡುವುದು ನಮ್ಮ ಮನೆಗಳ ರೂಢಿ. ಆದರೆ ಮಕ್ಕಳು ಪಿಸುಗುಟ್ಟುವುದನ್ನು ಕಂಡು ತಾಯಿ ಅರ್ಥಮಾಡಿಕೊಳ್ಳುತ್ತಾಳೆ; ಆ ಭಯವನ್ನು ಒಬ್ಬಳೇ ಹೊರುತ್ತಾಳೆ. ‘ಎಷ್ಟು ತಿಳಿಯಬೇಕೆಂದಿದ್ದೀಯಮ್ಮ?’ ಎಂದು ಕೇಳಿ, ಕೇಳಿದಷ್ಟನ್ನು ನಿಜವಾಗಿ ಹೇಳುವುದು ಒಳ್ಳೆಯ ಕ್ರಮ. ನಮ್ಮ ತಾಯಿಯವರು ಕೇಳಿದ ಮೊದಲ ಪ್ರಶ್ನೆ, ‘ಇದು ಮೊಮ್ಮಕ್ಕಳಿಗೆ ಅಂಟುತ್ತದೆಯೇ?’ ಎಂಬುದು. ಅಂಟುವುದಿಲ್ಲ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಬೇಕಾಗಿಲ್ಲ. ಬೇರೆ ಮಾಡಿದರೆ ರೋಗಕ್ಕಿಂತ ಮೊದಲು ಆ ಅವಮಾನವೇ ಅವರನ್ನು ಕುಗ್ಗಿಸುತ್ತದೆ.

3. ಎಲ್ಲಿಗೆ ಹೋಗುವುದು?

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯಿದೆ. ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಹತ್ತಿರ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ 2025ರಲ್ಲಿ ಉದ್ಘಾಟನೆಯಾಯಿತು. ಬನಹಟ್ಟಿ ಕಡೆಯವರಿಗೆ ಗಡಿಯಾಚೆಯ ಮಿರಜವೂ ದೂರವಲ್ಲ.

ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ನಡುವೆ ತಪ್ಪಿಸಿದರೆ ಫಲ ಕುಗ್ಗುತ್ತದೆ. ಕೊಯ್ಲಿನ ಕಾಲವಾದರೂ ಒಬ್ಬರು ಜೊತೆಗಿರಲೇಬೇಕು. ಆದ್ದರಿಂದ ಮೊದಲ ದಿನವೇ ಅಣ್ಣತಮ್ಮಂದಿರು, ಅಕ್ಕತಂಗಿಯರು ಕುಳಿತು ಯಾರು ಆಸ್ಪತ್ರೆಗೆ, ಯಾರು ತೋಟಕ್ಕೆ, ಯಾರು ಹಣಕ್ಕೆ ಎಂದು ಹಂಚಿಕೊಳ್ಳಿ. ಎಲ್ಲವೂ ಸೊಸೆಯ ಅಥವಾ ಮಗಳ ತಲೆಗೆ ಬೀಳಬಾರದು. ನೆರೆಯವರು ಕೊಯ್ಲಿಗೆ ಮುಯ್ಯಾಳು ಕೊಟ್ಟರೆ ಅದೇ ದೊಡ್ಡ ಸಹಾಯ.

4. ಹಣದ ವಿಚಾರ

ಸಹಕಾರಿಗಳಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, 2023ರ ಜನವರಿಯಿಂದ ಮತ್ತೆ ಪ್ರತ್ಯೇಕವಾಗಿ ನಡೆಯಿತು. ನೋಂದಣಿಗೆ ಗೊತ್ತಾದ ಅವಧಿಯಿರುತ್ತದೆ; ರೋಗ ಬಂದ ಮೇಲೆ ಓಡಿ ಬಂದರೆ ಪ್ರಯೋಜನವಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಯಾವ ಚಿಕಿತ್ಸೆ ಯಾದಿಯಲ್ಲಿದೆ ಎಂಬುದನ್ನು ದಾಖಲಾಗುವ ಮೊದಲೇ ಕೇಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ರೈಲಿನಲ್ಲಿ ರಿಯಾಯಿತಿಯಿದೆ. ಆಸ್ಪತ್ರೆಯಿಂದ ನಮೂನೆ ಪಡೆಯಬೇಕು.

5. ಮನೆಯ ಆರೈಕೆ

ಎಲೆಅಡಿಕೆ, ಹೊಗೆಸೊಪ್ಪು ಅಂದೇ ನಿಲ್ಲಬೇಕು. ವಿಕಿರಣದಿಂದ ಬಾಯಿ ಒಣಗಿ ಹುಣ್ಣಾಗುತ್ತದೆ. ಜೋಳದ ರೊಟ್ಟಿ ಇಳಿಯದು. ತಣಿದ ಗಂಜಿ, ಜೋಳದ ನುಚ್ಚು, ರಾಗಿ ಅಂಬಲಿ, ಮಜ್ಜಿಗೆಗಳನ್ನು ಸ್ವಲ್ಪಸ್ವಲ್ಪವಾಗಿ ಕೊಡಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದೊಂದು ಚಿಕ್ಕ ಚಮಚ ಉಪ್ಪು, ಅಡಿಗೆ ಸೋಡ ಬೆರೆಸಿ ಆಗಾಗ ಬಾಯಿ ಮುಕ್ಕಳಿಸಿ ಉಗುಳಿಸಿ. ನುಂಗಲಾಗದೆ ವೈದ್ಯರು ಮೂಗಿನ ಕೊಳವೆ ಹಾಕಿದರೆ ಅದು ಕೊನೆಯ ಲಕ್ಷಣವಲ್ಲ. ಬಲ ಉಳಿಸುವ ದಾರಿ.

6. ವಾಸಿಯಾಗದಿದ್ದರೆ

ಕೆಲವೊಮ್ಮೆ ವೈದ್ಯರು ‘ಇನ್ನು ವಾಸಿಮಾಡಲಾಗದು’ ಎನ್ನುತ್ತಾರೆ. ಮಾಡುವುದು ಮುಗಿಯಿತೆಂದು ಅದರ ಅರ್ಥವಲ್ಲ. ನೋವು ತಗ್ಗಿಸುವುದೂ ಚಿಕಿತ್ಸೆಯೇ. ಬಾಯಿಂದ ಕೊಡುವ ಮಾರ್ಫಿನ್ ಔಷಧಿ ದೊರೆಯುವುದು 2014ರ ಕಾನೂನು ತಿದ್ದುಪಡಿಯಿಂದ ಸುಲಭವಾಗಬೇಕಾಗಿದೆ. ಅದನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಗಡಿಯಾರ ನೋಡಿ ಕೊಡಬೇಕು. ನೋವು ಕೆರಳುವ ತನಕ ಕಾಯಬಾರದು. ಚಟವಾದೀತೆಂಬ ಅಂಜಿಕೆಯಿಂದ ತಾಯಿಯನ್ನು ನರಳಿಸುವುದು ತರವಲ್ಲ. ಮಲಬದ್ಧತೆಗೆ ಔಷಧಿ ಜೊತೆಯಲ್ಲೇ ಕೇಳಿ. ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ.

ಆ ದಿನಗಳಲ್ಲಿ ತಾಯಿ ಎಲ್ಲಿರಬಯಸುತ್ತಾರೆ, ಯಾರನ್ನು ನೋಡಬಯಸುತ್ತಾರೆ ಎಂದು ಅವರನ್ನೇ ಕೇಳಿ. ಹತ್ತಿರ ಕುಳಿತು ತೋಟದ ಸುದ್ದಿ ಹೇಳಿದರೂ ಸಾಕು.

ಸದಸ್ಯರಲ್ಲಿ ಒಂದು ವಿನಂತಿ. ಈ ಭಾನುವಾರ ಮನೆಯ ಹಿರಿಯರನ್ನೂ ಅಡಿಕೆ ಸುಲಿಯಲು ಬರುವವರನ್ನೂ ಬಿಸಿಲಿನ ಬೆಳಕಿಗೆ ಕೂರಿಸಿ, ಬಾಯಿ ತೆರೆಸಿ, ಕೆನ್ನೆಯೊಳಗೂ ನಾಲಿಗೆಯ ಅಡಿಗೂ ನೋಡಿ. ಸಂಶಯವಿದ್ದರೆ ಸೋಮವಾರವೇ ವೈದ್ಯರಲ್ಲಿಗೆ ಹೋಗಿ.

– ಕಾರ್ಯದರ್ಶಿ