ಒಬ್ಬರಿಗಾಗಿ ಒಂದು ಹೂವು

ತಂಗೀ, ಹಬ್ಬಕ್ಕೆ ಊರಿನವರಿಗೆ ಜಲವರ್ಣದಲ್ಲಿ ಹೂ ಬರೆದು ಶುಭಾಶಯ ಪತ್ರ ಕಳಿಸಬೇಕೆಂದು ನೀನು ಮನಸ್ಸು ಮಾಡಿದ್ದು ಕೇಳಿ ಸಂತೋಷವಾಯಿತು. ಬಣ್ಣ ಕೊಳ್ಳಲು ಹೋಗುವ ಮೊದಲು ನನ್ನದೊಂದು ಮಾತು ಕೇಳು. ಪತ್ರ ಯಾರಿಗೆ ಎಂಬುದನ್ನು ಮೊದಲು ಗೊತ್ತುಮಾಡಿಕೋ. ಹೂವು, ಕಾಗದ, ಕುಂಚ ಎಲ್ಲ ಆಮೇಲೆ. ಯಾರಿಗಾದರೂ ಆದೀತು ಎಂದು ಬರೆದ ಹೂವು ಅಂಗಡಿಯಲ್ಲೂ ಸಿಗುತ್ತದೆ. ಧಾರವಾಡದ ಅಜ್ಜಿಗೆಂದೇ ಬರೆದ ಮಲ್ಲಿಗೆ ಮಾತ್ರ ನಿನ್ನ ಕೈಯಿಂದಲೇ ಬರಬೇಕು.

ಹೆಸರು ಗೊತ್ತಾದರೆ ಹೂವು ತಾನೇ ಗೊತ್ತಾಗುತ್ತದೆ. ಅಜ್ಜಿಗೆ ಮಲ್ಲಿಗೆ, ದಿನಾ ಪೂಜೆಗೆ ಕೂಡುವ ಮಾವನಿಗೆ ದಾಸವಾಳ, ದಸರೆಗೆ ಕಳಿಸುವುದಾದರೆ ಚೆಂಡುಹೂವು, ಸೇವಂತಿಗೆ. ಪುಣೆಯ ನಮ್ಮ ಈ ಕೊಂಢವಾದಲ್ಲಿ ಹೂವಿಗೇನು ಬರ? ಇಲ್ಲಿಂದ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್ ದೂರವಿಲ್ಲ. ಬೆಳಿಗ್ಗೆ ಬೇಗ ಹೋದರೆ ಹೂವಿನ ರಾಶಿಯೇ ಕಾಣುತ್ತದೆ. ಬೇಸಿಗೆಯಲ್ಲಿ ಕಕ್ಕೆ ಮರ ಹಳದಿ ಗೊಂಚಲು ಇಳಿಬಿಡುತ್ತದೆ, ಮಹಾರಾಷ್ಟ್ರದ ರಾಜ್ಯಪುಷ್ಪ ತಾಮ್ಹಣ, ಅಂದರೆ ನಮ್ಮ ಹೊಳೆದಾಸವಾಳ, ನೇರಳೆ ಬಣ್ಣದಲ್ಲಿ ಅರಳುತ್ತದೆ. ಇನ್ನೊಂದು ಮಾತು. ಕೊಂಢವಾದ ಕಟ್ಟಡಗಳಲ್ಲಿ ಎಲ್ಲ ಧರ್ಮದವರೂ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುತ್ತಾರೆ. ಪಕ್ಕದ ಮನೆಯವರಿಗೆ ಈದ್‌ಗೆ ಒಂದು ಗುಲಾಬಿ ಬರೆದು ಕೊಡು. ಯಾರ ಹಬ್ಬಕ್ಕೂ ಸಲ್ಲುತ್ತದೆ ಎನ್ನುವುದೇ ಹೂವಿನ ದೊಡ್ಡತನ.

ನನಗೆ ಚಿತ್ರ ಬರುವುದಿಲ್ಲ ಎಂದು ಹಿಂಜರಿಯಬೇಡ. ಯುನಿಸೆಫ್‌ನ ಮೊದಲ ಶುಭಾಶಯ ಪತ್ರ 1949ರದು. ಅದರ ಚಿತ್ರ ಬರೆದವಳು ಚೆಕೊಸ್ಲೊವಾಕಿಯಾದ ಯಿಟ್ಕಾ ಎಂಬ ಏಳು ವರ್ಷದ ಹುಡುಗಿ. ಯುದ್ಧ ಮುಗಿದ ಆ ಕಾಲದಲ್ಲಿ ಕಾಗದ ಸಿಗದೆ ಗಾಜಿನ ತುಂಡಿನ ಮೇಲೆ ಬರೆದಳು. ತನ್ನ ಹಳ್ಳಿಗೆ ಬಂದ ನೆರವಿಗೆ ಕೃತಜ್ಞತೆ ಹೇಳಬೇಕಿತ್ತು, ಅಷ್ಟೇ. ಹೇಳಬೇಕಾದ ಮಾತು ಇದ್ದವರಿಗೆ ಕೈ ತಾನಾಗಿ ಬರುತ್ತದೆ.

ಇನ್ನು ಕಾಗದ. ಜಿಪುಣತನ ಮಾಡಬಾರದ ಜಾಗ ಇದೊಂದೇ. ತೆಳು ಡ್ರಾಯಿಂಗ್ ಶೀಟು ನೀರು ತಾಗಿದೊಡನೆ ಸುಕ್ಕಾಗುತ್ತದೆ. ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ 300 ಜಿಎಸ್‌ಎಂ ಜಲವರ್ಣದ ಕಾಗದ ಕೇಳು. ಕೈಕಾಗದವೇ ಬೇಕೆಂದರೆ ಪುಣೆ ಅದರ ಹಳೆಯ ಮನೆ. ಗಾಂಧೀಜಿಯವರ ಪ್ರೇರಣೆಯಿಂದ ಕೆ. ಬಿ. ಜೋಶಿಯವರು 1940ರಲ್ಲಿ ಆರಂಭಿಸಿದ ಹ್ಯಾಂಡ್‌ಮೇಡ್ ಪೇಪರ್ ಇನ್‌ಸ್ಟಿಟ್ಯೂಟ್ ಶಿವಾಜಿನಗರದಲ್ಲಿದೆ. ಹತ್ತಿಬಟ್ಟೆಯ ಚೂರಿನಿಂದ ಮಾಡಿದ ಕಾಗದಕ್ಕೆ ಮರದ ತಿರುಳಿನ ಕಾಗದಕ್ಕಿಂತ ಗಟ್ಟಿತನ ಹೆಚ್ಚು. ಆದರೆ ಎಲ್ಲ ಕೈಕಾಗದವೂ ಜಲವರ್ಣಕ್ಕೆ ಒಗ್ಗುವುದಿಲ್ಲ. ಮೂಲೆಯಲ್ಲಿ ಒಂದು ಹನಿ ನೀರು ಇಟ್ಟು ನೋಡು. ಹನಿ ಸ್ವಲ್ಪ ಹೊತ್ತು ಹಾಗೇ ನಿಂತರೆ ಕಾಗದಕ್ಕೆ ಅಂಟು ಸರಿಯಾಗಿ ಕೂತಿದೆ ಎಂದರ್ಥ. ಕೂಡಲೇ ಇಂಗಿಹೋದರೆ ಬಣ್ಣವೂ ಹಾಗೆಯೇ ಇಂಗಿ ಮಂಕಾಗುತ್ತದೆ.

ಎ4 ಹಾಳೆಯನ್ನು ಎರಡು ಭಾಗ ಮಾಡಿದರೆ ಎರಡು ಪತ್ರಗಳಾಗುತ್ತವೆ. ಪ್ರತಿ ಭಾಗವನ್ನು ನಡುವೆ ಮಡಿಸಬೇಕು. ಮಡಿಸುವ ಮೊದಲು ಅಳತೆಪಟ್ಟಿ ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಗಟ್ಟಿಯಾಗಿ ಗೆರೆ ಎಳೆ. ಆಗ ಮಡಿಕೆ ಸೀಳದೆ ನೇರ ಕೂಡುತ್ತದೆ. ಹೂವನ್ನು ಹಾಳೆ ಮಡಿಸದೆ ಚಪ್ಪಟೆ ಇಟ್ಟೇ ಬರೆ. ಎದುರಿಗಿಟ್ಟ ಹಾಳೆಯ ಬಲ ಅರ್ಧವೇ ಪತ್ರದ ಮುಖ ಎಂಬುದು ನೆನಪಿರಲಿ.

ಬಣ್ಣ ಐದು ಸಾಕು: ನಿಂಬೆ ಹಳದಿ, ಕ್ರಿಮ್ಸನ್, ಅಲ್ಟ್ರಾಮರೀನ್ ನೀಲಿ, ಸ್ಯಾಪ್ ಗ್ರೀನ್, ಬರ್ನ್ಟ್ ಸಿಯೆನ್ನಾ. ಉಳಿದದ್ದನ್ನು ಬೆರೆಸಿಕೋ. ಪೋಸ್ಟರ್ ಕಲರ್ ತರಬೇಡ, ಅದು ಕಾಗದವನ್ನು ಮುಚ್ಚಿಬಿಡುತ್ತದೆ. ಜಲವರ್ಣದಲ್ಲಿ ಬೆಳಕು ಬರುವುದು ಬಣ್ಣದ ಕೆಳಗಿನ ಬಿಳಿ ಕಾಗದದಿಂದ. ದುಂಡು ತುದಿಯ ಕುಂಚ ಎರಡು, 8 ಮತ್ತು 3ನೇ ನಂಬರು. ನೀರಿನ ಲೋಟವೂ ಎರಡು, ಒಂದು ಕುಂಚ ತೊಳೆಯಲು, ಇನ್ನೊಂದು ಶುದ್ಧ ನೀರಿಗೆ.

ಮೊದಲ ಹೂವು ನಿತ್ಯಪುಷ್ಪ ಆಗಲಿ. ಇಲ್ಲಿನವರು ಸದಾಫುಲಿ ಎನ್ನುವ ಇದು ಬಾಲ್ಕನಿಯ ಕುಂಡದಲ್ಲೇ ಇರುತ್ತದೆ, ವರ್ಷವಿಡೀ ಅರಳುತ್ತದೆ. ಐದೇ ದಳ, ನಡುವೆ ಒಂದು ಕಡುಕೆಂಪು ಕಣ್ಣು. ಮೊದಲು ಸುಮ್ಮನೆ ಕೂತು ನೋಡು, ಅದೇ ಅರ್ಧ ಕೆಲಸ. ಆಮೇಲೆ ಪೆನ್ಸಿಲ್ಲಿನಲ್ಲಿ ತೀರ ಹಗುರವಾಗಿ ಗುರುತು ಹಾಕು. ಒಂದು ದಳಕ್ಕೆ ಬರಿ ನೀರು ಸವರಿ, ಅಂಚಿನಿಂದ ತೆಳು ಗುಲಾಬಿ ಬಣ್ಣ ಮುಟ್ಟಿಸು. ಬಣ್ಣ ತಾನೇ ಒಳಗೆ ಹರಿಯುತ್ತದೆ. ಅದರ ಪಕ್ಕದ ದಳವನ್ನು ಈಗಲೇ ಬರೆಯಬೇಡ, ಒಂದು ಬಿಟ್ಟು ಇನ್ನೊಂದಕ್ಕೆ ಹೋಗು. ಇಲ್ಲದಿದ್ದರೆ ಎರಡೂ ಕೂಡಿಬಿಡುತ್ತವೆ. ಐದೂ ಒಣಗಿದ ಮೇಲೆ ನಡುವಿನ ಕಣ್ಣು, ಕಡೆಗೆ ಎಲೆ. ತೆಳುವಿನಿಂದ ಗಾಢಕ್ಕೆ ಹೋಗಬೇಕೇ ಹೊರತು ಹಿಂದಕ್ಕೆ ಬರಲಾಗದು.

ಅಜ್ಜಿಯ ಮಲ್ಲಿಗೆಗೆ ಬಿಳಿ ಬಣ್ಣ ಬೇಡ. ಹೂವಿನ ಜಾಗವನ್ನು ಖಾಲಿ ಬಿಟ್ಟು ಸುತ್ತಲಿನ ಎಲೆಗಳನ್ನು ಗಾಢ ಹಸಿರಿನಲ್ಲಿ ಬರೆ. ದಳಗಳ ಬುಡಕ್ಕೆ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿದ ತೆಳು ಬೂದು ನೆರಳು ಕೊಡು. ಮಲ್ಲಿಗೆ ಎದ್ದು ನಿಲ್ಲುತ್ತದೆ.

ಕೊಂಢವಾದ ಹವೆಯನ್ನೂ ತಿಳಿದುಕೋ. ಏಪ್ರಿಲ್, ಮೇ ತಿಂಗಳ ಒಣಗಾಳಿಗೆ ಕಾಗದದ ಮೇಲಿನ ನೀರು ಕಣ್ಣೆದುರೇ ಆರಿಹೋಗುತ್ತದೆ. ಫ್ಯಾನ್ ಆರಿಸಿ ಬೆಳಗಿನ ತಂಪಿನಲ್ಲಿ ಕೂಡು. ಮಳೆಗಾಲದಲ್ಲಿ ಇದರ ತಿರುಗುಮುರುಗು, ಬಣ್ಣ ಆರುವುದೇ ಇಲ್ಲ. ಅವಸರಪಟ್ಟು ಒದ್ದೆಯ ಮೇಲೆ ಕುಂಚ ಇಟ್ಟರೆ ಬಣ್ಣ ಕೆಸರಾಗುತ್ತದೆ. ಆಗ ಕಾಯುವುದೇ ಕೆಲಸ.

ಹೂ ಬರೆಯುವುದನ್ನು ಕಲಿಯಬೇಕೆಂದರೆ ನಮ್ಮ ರುಮಾಲೆ ಚನ್ನಬಸವಯ್ಯನವರ (1910–1988) ಚಿತ್ರಗಳನ್ನು ಹುಡುಕಿ ನೋಡು. ಸ್ವಾತಂತ್ರ್ಯ ಹೋರಾಟಗಾರರು, ಆಮೇಲೆ ರಾಜಕೀಯ ಬಿಟ್ಟು ಮತ್ತೆ ಕುಂಚ ಹಿಡಿದವರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವುಗಳ ಎದುರೇ ಕೂತು ಬರೆದರು. ಮೊಬೈಲಿನ ಫೋಟೋ ನೋಡಿ ಬರೆಯುವುದಕ್ಕೂ ಮರದ ಮುಂದೆ ಕೂತು ಬರೆಯುವುದಕ್ಕೂ ಇರುವ ಅಂತರ ಆ ಚಿತ್ರಗಳಲ್ಲಿ ಗೊತ್ತಾಗುತ್ತದೆ.

ಪತ್ರ ಮುಗಿದ ಮೇಲೆ ಅಂಚೆಯ ಯೋಚನೆ. ಅರ್ಧ ಎ4 ಅಳತೆಯ 300 ಜಿಎಸ್‌ಎಂ ಹಾಳೆ ಸುಮಾರು 9 ಗ್ರಾಂ ತೂಗುತ್ತದೆ. ಲಕೋಟೆ ಸೇರಿದರೂ 20 ಗ್ರಾಂ ದಾಟುವುದಿಲ್ಲ, ಸಾದಾ ಪತ್ರದ ದರದಲ್ಲೇ ಹೋಗುತ್ತದೆ. ಜಲವರ್ಣ ನೀರು ತಾಗಿದರೆ ಮತ್ತೆ ಕರಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಪತ್ರಕ್ಕೆ ತೆಳು ಪ್ಲಾಸ್ಟಿಕ್ ಹೊದಿಕೆ ಇರಲಿ. ವಿಳಾಸವನ್ನು ಬಾಲ್‌ಪೆನ್ನಿನಲ್ಲಿ ಬರೆ. ಊರಿನ ಪಿನ್ ಕೋಡ್ ಜೊತೆ ನಿನ್ನ ವಿಳಾಸ, 411048 ಕೂಡ ಬರೆ, ಅಜ್ಜಿ ಉತ್ತರ ಬರೆಯಬೇಕಲ್ಲ! ಸಂಕ್ರಾಂತಿಗೆ ಲಕೋಟೆಯೊಳಗೆ ನಾಲ್ಕು ಕುಸುರೆಳ್ಳು ಹಾಕಿ ಕಳಿಸುವುದು ನಮ್ಮ ಉತ್ತರ ಕರ್ನಾಟಕದ ಹಳೆಯ ರೂಢಿ. ಚಿಕ್ಕ ಪೊಟ್ಟಣ ಮಾಡಿ ಹಾಕು, ಸಕ್ಕರೆ ಚಿತ್ರಕ್ಕೆ ಅಂಟಬಾರದು.

ಒಳಗೆ ಬರೆಯುವ ಮಾತು ಕನ್ನಡದಲ್ಲಿರಲಿ, ನಿನ್ನದೇ ಅಕ್ಷರದಲ್ಲಿರಲಿ. ಹಬ್ಬದ ಶುಭಾಶಯಗಳು ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡ. ಅಜ್ಜೀ, ನಿಮ್ಮ ಕೈಯ ಬದನೆಕಾಯಿ ಎಣಗಾಯಿ ನೆನಪಾಗುತ್ತದೆ ಎಂದು ಒಂದು ಸಾಲು ಸೇರಿಸು. ಕೊಂಢವಾದಲ್ಲಿ ಹುಟ್ಟಿ ಬೆಳೆಯುವ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ ಮಾತಿದೆ, ಆದರೆ ಬರೆಯುವ ಸಂದರ್ಭ ಕಡಿಮೆ. ನಿನ್ನ ಮಗನನ್ನೂ ಪಕ್ಕದಲ್ಲಿ ಕೂರಿಸಿಕೋ, ಅವನ ಹೆಸರನ್ನು ಅವನೇ ಕನ್ನಡದಲ್ಲಿ ಬರೆಯಲಿ. ಅಕ್ಷರ ಸೊಟ್ಟಗಾದರೆ ಆಗಲಿ, ತಿದ್ದಬೇಡ.

ಈ ಭಾನುವಾರ ಒಂದೇ ಪತ್ರ ಮಾಡು. ಹತ್ತು ಜನರ ಪಟ್ಟಿ ಬೇಡ, ಒಬ್ಬರು ಸಾಕು. ಹೂವು ನೆಟ್ಟಗೆ ಬರಲಿಲ್ಲವೆಂದು ಹರಿದು ಹಾಕದೆ ಸೋಮವಾರ ಬೆಳಿಗ್ಗೆ ಅಂಚೆಪೆಟ್ಟಿಗೆಗೆ ಹಾಕಿಬಿಡು.