ನಗರವಾಸ: ಹೋಟೆಲ್ ಕೊಠಡಿಯೋ, ದಿನಬಾಡಿಗೆಯ ಅಪಾರ್ಟ್‌ಮೆಂಟೋ?

ಸೀತಾ ಮತ್ತು ಸುವರ್ಣಾ ನದಿಗಳು ಕಡಲು ಸೇರುವೆಡೆಯಲ್ಲಿರುವ ಹಂಗಾರಕಟ್ಟೆಯ ಉದ್ಯಮಿಗಳಿಗೆ ದೂರದ ನಗರಗಳ ಪ್ರಯಾಣ ಹೊಸತಲ್ಲ. ಕಚೇರಿ ಕೆಲಸಕ್ಕೆ ಬೆಂಗಳೂರು, ಹಡಗುಗಳ ವರ್ಗೀಕರಣದ ಕೆಲಸಕ್ಕೆ ಮುಂಬಯಿಯ ಪೊವಾಯಿಯಲ್ಲಿರುವ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಸಂಸ್ಥೆಯು ಟೆಬ್ಮಾ ಶಿಪ್‌ಯಾರ್ಡನ್ನು ವಹಿಸಿಕೊಂಡ ಬಳಿಕ ಈ ಪಟ್ಟಿಗೆ ಕೊಚ್ಚಿಯೂ ಸೇರಿದೆ. ಇಂತಹ ಪ್ರಯಾಣಗಳಲ್ಲಿ ವಸತಿಯ ಆಯ್ಕೆಯನ್ನು ಸಾಮಾನ್ಯವಾಗಿ ಒಂದು ರಾತ್ರಿಯ ದರ ನೋಡಿ ನಿರ್ಧರಿಸಲಾಗುತ್ತದೆ. ದರ ಮಾತ್ರ ನೋಡಿದರೆ ಸಾಲದು. ಎಷ್ಟು ದಿನ, ಎಷ್ಟು ಮಂದಿ, ಯಾವ ರಾಜ್ಯ, ಬಿಲ್ಲು ಯಾರ ಹೆಸರಿನಲ್ಲಿ ಎಂಬುದನ್ನೂ ನೋಡಬೇಕು.

ಒಂದು ಕಾಲ್ಪನಿಕ ಲೆಕ್ಕವನ್ನು ಪರಿಶೀಲಿಸೋಣ. ಮಾಲೀಕರೂ ಇಬ್ಬರು ನೌಕರರೂ ಬೆಂಗಳೂರಿಗೆ ತೆರಳುತ್ತಾರೆ. ಹೋಟೆಲಿನಲ್ಲಿ ರೂ. 3,000ದ ಎರಡು ಕೊಠಡಿಗಳು. ಊಟ ತಿಂಡಿಗೆ ತಲಾ ದಿನಕ್ಕೆ ರೂ. 600. ಇನ್ನೊಂದೆಡೆ ಎರಡು ಮಲಗುವ ಕೋಣೆಗಳ ಅಪಾರ್ಟ್‌ಮೆಂಟ್, ದಿನಕ್ಕೆ ರೂ. 5,500, ಜೊತೆಗೆ ಒಂದಾವರ್ತಿ ಸ್ವಚ್ಛತಾ ಶುಲ್ಕ ರೂ. 1,500. ಎರಡು ರಾತ್ರಿಯ ಮಟ್ಟಿಗೆ ಯಾರೂ ಅಡುಗೆ ಹೂಡುವುದಿಲ್ಲವಾದ್ದರಿಂದ ಊಟದ ಖರ್ಚು ಎರಡರಲ್ಲೂ ಒಂದೇ. ಆಗ ತೆರಿಗೆ ಬಿಟ್ಟು ಹೋಟೆಲಿಗೆ ರೂ. 15,600, ಅಪಾರ್ಟ್‌ಮೆಂಟಿಗೆ ರೂ. 16,100. ದರ ಕಡಿಮೆಯಿದ್ದರೂ ಅಪಾರ್ಟ್‌ಮೆಂಟೇ ತುಟ್ಟಿ. ಅದೇ ಎಂಟು ರಾತ್ರಿ ತಂಗಿ, ಬೆಳಗಿನ ತಿಂಡಿ ಮತ್ತು ರಾತ್ರಿಯ ಕುಚ್ಚಲಕ್ಕಿ ಗಂಜಿಯನ್ನು ಅಲ್ಲಿಯೇ ಬೇಯಿಸಿಕೊಂಡು ಊಟದ ಖರ್ಚನ್ನು ಅರ್ಧಕ್ಕಿಳಿಸಿದರೆ, ಹೋಟೆಲಿಗೆ ರೂ. 62,400 ಆಗುವಲ್ಲಿ ಅಪಾರ್ಟ್‌ಮೆಂಟಿಗೆ ರೂ. 52,700 ಮಾತ್ರ.

ಇನ್ನು ತೆರಿಗೆ. ದಿನವೊಂದಕ್ಕೆ ರೂ. 7,500ರವರೆಗಿನ ವಸತಿಗೆ 22 ಸೆಪ್ಟೆಂಬರ್ 2025ರಿಂದ ಜಿಎಸ್‌ಟಿ ದರವು ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಅದಕ್ಕೆ ಮೀರಿದರೆ ಶೇ. 18. ಶೇ. 5ರ ದರಕ್ಕೆ ಇನ್‌ಪುಟ್ ತೆರಿಗೆ ಜಮೆ ಇಲ್ಲವೆಂಬ ಷರತ್ತು ವಸತಿ ಒದಗಿಸುವವರಿಗೆ ಅನ್ವಯಿಸುವುದೇ ಹೊರತು ವ್ಯವಹಾರ ನಿಮಿತ್ತ ತಂಗುವ ನೋಂದಾಯಿತ ವರ್ತಕರಿಗಲ್ಲ. ಈ ಬಗ್ಗೆ ಗೊಂದಲವಿರುವುದರಿಂದ ಹೇಳಬೇಕಾಯಿತು. ಕಾಂಪೊಸಿಷನ್ ಪದ್ಧತಿಯವರಿಗೆ ಹೇಗೂ ಜಮೆ ಇಲ್ಲ. ಊಟದ ಬಿಲ್ಲಿನ ಮೇಲಿನ ತೆರಿಗೆಯೂ ಸಾಮಾನ್ಯವಾಗಿ ಜಮೆಗೆ ಬಾರದು.

ಈ ರೂ. 7,500ರ ಮಿತಿಯನ್ನು ಎಣಿಸುವುದು ತಲಾ ಲೆಕ್ಕದಲ್ಲಲ್ಲ, ವಸತಿಯ ಘಟಕದ ಲೆಕ್ಕದಲ್ಲಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಆರು ಮಂದಿಯ ತಂಡವು ಹೋಟೆಲಿನಲ್ಲಿ ರೂ. 3,000ದ ಮೂರು ಕೊಠಡಿ ಹಿಡಿದರೆ ಪ್ರತಿ ಕೊಠಡಿಯೂ ಮಿತಿಯೊಳಗಿದ್ದು, ಒಟ್ಟು ರೂ. 9,000ಕ್ಕೆ ತೆರಿಗೆ ರೂ. 450. ಅದೇ ರೂ. 9,000ಕ್ಕೆ ಮೂರು ಮಲಗುವ ಕೋಣೆಗಳ ಅಪಾರ್ಟ್‌ಮೆಂಟನ್ನು ಇಡಿಯಾಗಿ ಪಡೆದರೆ ಅದು ಒಂದೇ ಘಟಕವಾಗಿ, ತೆರಿಗೆಯು ರೂ. 1,620ಕ್ಕೆ ಏರುತ್ತದೆ.

ಬೆಂಗಳೂರಿನಲ್ಲಾದರೆ ಈ ರೂ. 1,620 ಜಮೆಯಾಗಿ ಹಿಂದಿರುಗೀತು. ಕೊಚ್ಚಿ ಅಥವಾ ಮುಂಬಯಿಯಲ್ಲಿ ಹಾಗಲ್ಲ. ವಸತಿ ಸೇವೆಯ ಪೂರೈಕೆಯ ಸ್ಥಳವೆಂದರೆ ಆ ಕಟ್ಟಡವಿರುವ ಸ್ಥಳವೆಂದು ಕಾನೂನು ಹೇಳುತ್ತದೆ. ಕೊಚ್ಚಿಯ ಬಿಲ್ಲಿನಲ್ಲಿ ಕೇಂದ್ರದ ತೆರಿಗೆಯೊಂದಿಗೆ ಕೇರಳದ ರಾಜ್ಯ ತೆರಿಗೆ ಬೀಳುವುದು. ಕರ್ನಾಟಕದಲ್ಲಿ ಮಾತ್ರ ನೋಂದಣಿಯುಳ್ಳ ಹಂಗಾರಕಟ್ಟೆಯ ಸಂಸ್ಥೆಗೆ ಅದು ಜಮೆಯಾಗದೆ ಶುದ್ಧ ಖರ್ಚಾಗಿಯೇ ಉಳಿಯುವುದು. ಆದುದರಿಂದ ಹೊರರಾಜ್ಯದಲ್ಲಿ ದೊಡ್ಡ ತಂಡಕ್ಕೆ ಒಂದು ದೊಡ್ಡ ಅಪಾರ್ಟ್‌ಮೆಂಟಿಗಿಂತ ಎರಡು ಚಿಕ್ಕವು, ಅಥವಾ ಹೋಟೆಲ್ ಕೊಠಡಿಗಳೇ, ಅನೇಕ ವೇಳೆ ಲಾಭಕರ.

ಬಿಲ್ಲಿನ ವಿಷಯದಲ್ಲಿ ಹೋಟೆಲಿನದು ಸುಲಭದ ದಾರಿ. ಕೌಂಟರಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಬರೆಸಿದರೆ ಮುಗಿಯಿತು. ಅಪಾರ್ಟ್‌ಮೆಂಟಿನ ಮಾಲೀಕರು ನೋಂದಾಯಿತರಲ್ಲದಿದ್ದು, ನೇರವಾಗಿ ವ್ಯವಹರಿಸಿದರೆ ತೆರಿಗೆಯೂ ಇಲ್ಲ, ಜಮೆಯೂ ಇಲ್ಲ. ಅಂತರಜಾಲದ ಮಧ್ಯವರ್ತಿ ಸಂಸ್ಥೆಯ ಮೂಲಕ ಕಾದಿರಿಸಿದರೆ ಅಂತಹ ಮಾಲೀಕರ ಪರವಾಗಿ ಆ ಸಂಸ್ಥೆಯೇ ತೆರಿಗೆ ಕಟ್ಟಬೇಕಾಗುತ್ತದೆ. ನೌಕರನ ಮೊಬೈಲಿನಿಂದ ಅವನ ಹೆಸರಿನಲ್ಲಿಯೇ ಕಾದಿರಿಸಿದ ಬಿಲ್ಲು ಸಂಸ್ಥೆಯ ಜಮೆಗೆ ಒದಗದು. ಬಾಡಿಗೆಯನ್ನು ನಗದಾಗಿ ಕೊಟ್ಟು ಚೀಟಿ ಬರೆಸಿಕೊಳ್ಳುವ ಅಭ್ಯಾಸವಂತೂ ಅಪಾಯಕಾರಿ: ಒಂದೇ ದಿನ ಒಬ್ಬರಿಗೆ ರೂ. 10,000 ಮೀರಿದ ನಗದು ಪಾವತಿಯನ್ನು ಆದಾಯ ತೆರಿಗೆಯಲ್ಲಿ ವ್ಯವಹಾರದ ವೆಚ್ಚವೆಂದು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಲೆಕ್ಕಪುಸ್ತಕಕ್ಕೆ ಸಿಗದ ಸಂಗತಿಗಳೂ ಇವೆ. ಕರಾವಳಿಯಿಂದ ಹೊರಟ ರಾತ್ರಿ ಬಸ್ಸು ಬೆಳಗಾಗುತ್ತಲೇ ಬೆಂಗಳೂರು ಮುಟ್ಟುತ್ತದೆ. ಇಪ್ಪತ್ನಾಲ್ಕು ತಾಸಿನ ಲೆಕ್ಕದ ಲಾಡ್ಜಿನಲ್ಲಿ ಆಗಲೇ ಸ್ನಾನ ಮುಗಿಸಿ ಹತ್ತು ಗಂಟೆಗೆ ಕಚೇರಿ ಸೇರಬಹುದು. ಮಧ್ಯಾಹ್ನದ ಮೇಲಷ್ಟೇ ಕೀಲಿಕೈ ಕೊಡುವ ಅಪಾರ್ಟ್‌ಮೆಂಟಾದರೆ ಮಾದರಿ ಸಾಮಾನಿನ ಗಂಟು ಹೊತ್ತು ಕಾಯಬೇಕು. ನಿವಾಸಿಗಳ ಸಂಘವು ದಿನಬಾಡಿಗೆಯನ್ನು ನಿಷೇಧಿಸಿರುವ ಕಟ್ಟಡಗಳೂ ಇವೆ. ಗೇಟಿನಲ್ಲಿ ಕಾವಲುಗಾರ ತಡೆದಾಗ ಮುಂಗಡ ಕೊಟ್ಟವರ ವಾದ ನಡೆಯದು. ಇದನ್ನು ಮೊದಲೇ ಕೇಳಿ ತಿಳಿಯುವುದು ಕ್ಷೇಮ.

ತಿಂಗಳಿಗೆ ಹತ್ತಾರು ದಿನ ಬೆಂಗಳೂರಿನಲ್ಲಿಯೇ ಕಳೆಯುವ ಕೆಲವು ಸಂಸ್ಥೆಗಳು ವಾಸದ ಮನೆಯೊಂದನ್ನು ವರ್ಷಾವಧಿಗೆ ಬಾಡಿಗೆಗೆ ಹಿಡಿಯಲು ಯೋಚಿಸುವುದುಂಟು. ಆಗ ನಿಯಮಗಳೇ ಬೇರೆ. 18 ಜುಲೈ 2022ರಿಂದ, ವಾಸದ ಮನೆಯನ್ನು ಬಾಡಿಗೆಗೆ ಪಡೆಯುವ ನೋಂದಾಯಿತ ಸಂಸ್ಥೆಯು ಶೇ. 18 ತೆರಿಗೆಯನ್ನು ತಾನೇ ನಗದಾಗಿ ಪಾವತಿಸಿ, ಅನಂತರ ಅರ್ಹತೆಯಿದ್ದಲ್ಲಿ ಜಮೆ ಪಡೆಯಬೇಕು. ಬಾಡಿಗೆಯು ತಿಂಗಳಿಗೆ ರೂ. 50,000 ಮೀರಿದರೆ ಮೂಲದಲ್ಲಿಯೇ ಆದಾಯ ತೆರಿಗೆ ಕಡಿತ ಮಾಡುವ ಹೊಣೆಯೂ ಬಾಡಿಗೆದಾರರದೇ.