ಗಿಟ್: ಅಳಿಸದೆ ತಿದ್ದುವ ಪುಸ್ತಕ

ತಪ್ಪು ನಮೂದನ್ನು ಕೆರೆದು ಅಳಿಸಬಾರದು, ಅದನ್ನು ಸರಿಪಡಿಸುವ ಇನ್ನೊಂದು ನಮೂದು ಬರೆಯಬೇಕು. ಲೆಕ್ಕಶಾಸ್ತ್ರ ತರಗತಿಯಲ್ಲಿ ನಾವು ಕಲಿಯುವ ಈ ನಿಯಮವನ್ನು ಸಾಫ್ಟ್‌ವೇರ್ ಬರೆಯುವವರೂ ಪಾಲಿಸುತ್ತಾರೆ. ಅವರ ಪುಸ್ತಕದ ಹೆಸರು ಗಿಟ್. ಇದು ವಿಜ್ಞಾನ ವಿಭಾಗದವರ ವಿಷಯವೆಂದು ಕಾಮರ್ಸ್‌ನವರು ದೂರ ನಿಲ್ಲಬೇಕಿಲ್ಲ. ಜರ್ನಲ್ ಬರೆಯಲು ಬಂದರೆ ಗಿಟ್ ಅರ್ಧ ಬಂದಂತೆಯೇ.

ಗಿಟ್ ಎಂದರೇನು?

ಲಿನಕ್ಸ್ ರೂಪಿಸಿದ ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ತಯಾರಿಸಿದರು. ಬಹಳ ಜನ ಸೇರಿ ಒಂದೇ ಪ್ರೋಗ್ರಾಂ ತಿದ್ದುವಾಗ ಯಾರು, ಯಾವಾಗ, ಯಾವ ಸಾಲನ್ನು, ಏಕೆ ಬದಲಿಸಿದರು ಎಂಬ ದಾಖಲೆ ಇಡುವುದೇ ಇದರ ಕೆಲಸ. 2008ರಲ್ಲಿ ಆರಂಭವಾದ ಗಿಟ್‌ಹಬ್ ಆ ದಾಖಲೆಗಳನ್ನು ಇಂಟರ್‌ನೆಟ್‌ನಲ್ಲಿ ಇಡುವ ಜಾಗ. ಗಿಟ್ ಪುಸ್ತಕವಾದರೆ ಗಿಟ್‌ಹಬ್ ಅದನ್ನಿಡುವ ಕಪಾಟು.

ಒಂದು ಉದಾಹರಣೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಐವರು ವಿದ್ಯಾರ್ಥಿಗಳು ಸೇರಿ ಲೆಕ್ಕಶಾಸ್ತ್ರದ ಪದಕೋಶ ಮಾಡುತ್ತಾರೆ ಎಂದುಕೊಳ್ಳಿ. ಡಿಪ್ರಿಸಿಯೇಶನ್‌ಗೆ ಕನ್ನಡದಲ್ಲಿ ಸವಕಳಿ, ಉರ್ದುವಿನಲ್ಲಿ ಫರ್ಸೂದಗಿ. ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರಿಗೆ ಲೆಕ್ಕಕ್ಕಿಂತ ಇಂಗ್ಲಿಷ್ ಪದಗಳೇ ಭಾರ. ಜಮಾ, ಬಾಕಿ, ವಸೂಲಿಯಂಥ ಪದಗಳು ಎರಡೂ ಭಾಷೆಗಳಲ್ಲಿ ಇವೆ. ಹೀಗಾಗಿ ಪದಕೋಶದಿಂದ ಉಪಯೋಗವಿದೆ. ಆದರೆ ಐವರೂ ವಾಟ್ಸ್ಯಾಪ್‌ನಲ್ಲಿ ಫೈಲ್ ಕಳಿಸುತ್ತಾ ಹೋದರೆ ಯಾವುದು ಕೊನೆಯ ಪ್ರತಿ ಎಂದು ಯಾರಿಗೂ ತಿಳಿಯದು. ಗಿಟ್ ಬಳಸಿದರೆ ಕೆಲಸ ಹೀಗೆ ಸಾಗುತ್ತದೆ:

1. ರೆಪಾಸಿಟರಿ: ಪದಕೋಶದ ಫೈಲುಗಳೂ ಅವುಗಳ ಪೂರ್ತಿ ಇತಿಹಾಸವೂ ಇರುವ ಕಡತ.

2. ಫೋರ್ಕ್: ಬೇರೆಯವರ ರೆಪಾಸಿಟರಿಯನ್ನು ನಮ್ಮ ಖಾತೆಗೆ ನಕಲು ಮಾಡಿಕೊಳ್ಳುವುದು. ನಕಲಿನಲ್ಲಿ ಏನೇ ಕೆಟ್ಟರೂ ಮೂಲಕ್ಕೆ ಧಕ್ಕೆಯಿಲ್ಲ.

3. ಬ್ರಾಂಚ್: ಒಂದು ಕೆಲಸಕ್ಕಾಗಿ ಮುಖ್ಯ ದಾರಿಯಿಂದ ಕವಲೊಡೆಯುವುದು. ಸೇಡಂ, ಚಿತ್ತಾಪುರದ ಹಳಿಯೂ ಶಹಾಬಾದಿನ ಹಳಿಯೂ ವಾಡಿ ಜಂಕ್ಷನ್‌ನಲ್ಲಿ ಕೂಡುವಂತೆ ಬ್ರಾಂಚುಗಳು ಮುಂದೆ ಕೂಡುತ್ತವೆ. ಅದೇ ಮರ್ಜ್.

4. ಕಮಿಟ್: ಬದಲಾವಣೆಯನ್ನು ದಾಖಲಿಸುವುದು. ಇದು ಜರ್ನಲ್ ಎಂಟ್ರಿ. ಜೊತೆಗೆ ಬರೆಯುವ ಸಂದೇಶವೇ ನರೇಷನ್. ‘ಬದಲಿಸಿದೆ’ ಎಂದಷ್ಟೇ ಬರೆದರೆ ಸಾಲದು, ‘ಸವಕಳಿ ಪದದ ಕಾಗುಣಿತ ಸರಿಪಡಿಸಿದೆ’ ಎಂದು ಬರೆಯಬೇಕು.

5. ಪುಲ್ ರಿಕ್ವೆಸ್ಟ್: ‘ನನ್ನ ಬದಲಾವಣೆ ನೋಡಿ, ಸರಿಯಿದ್ದರೆ ಸೇರಿಸಿಕೊಳ್ಳಿ’ ಎಂಬ ಅರ್ಜಿ. ವೋಚರ್ ಪರಿಶೀಲಿಸಿ ಸಹಿ ಹಾಕುವಂತೆ ರೆಪಾಸಿಟರಿಯ ಹೊಣೆ ಹೊತ್ತವರು ನೋಡಿ ಒಪ್ಪುತ್ತಾರೆ, ಇಲ್ಲವೇ ತಿದ್ದಲು ಹೇಳುತ್ತಾರೆ. ತಿದ್ದಲು ಹೇಳುವುದು ಅವಮಾನವಲ್ಲ. ಅನುಭವಿಗಳ ಅರ್ಜಿಗಳೂ ಹೀಗೆ ಹಿಂದಿರುಗುತ್ತವೆ.

6. ಕಾನ್‌ಫ್ಲಿಕ್ಟ್: ಡೆಟರ್ ಪದಕ್ಕೆ ಒಬ್ಬರು ‘ಋಣಿ’, ಅದೇ ಸಾಲಿನಲ್ಲಿ ಇನ್ನೊಬ್ಬರು ‘ಸಾಲಗಾರ’ ಎಂದು ಬರೆದರೆ ಗಿಟ್ ತಾನಾಗಿ ತೀರ್ಪು ಕೊಡದು. ಎರಡನ್ನೂ ಗುರುತು ಹಾಕಿ ತೋರಿಸುತ್ತದೆ. ಕೂತು ಮಾತಾಡಿ ನಿರ್ಧರಿಸಬೇಕಾದವರು ನಾವೇ.

7. ರಿವರ್ಟ್: ಹಳೆಯ ಕಮಿಟ್ ಅಳಿಸದೆ, ಅದನ್ನು ರದ್ದುಮಾಡುವ ಹೊಸ ಕಮಿಟ್ ಬರೆಯುವುದು. ನಮ್ಮ ರೆಕ್ಟಿಫಿಕೇಶನ್ ಎಂಟ್ರಿಯೂ ಇದೇ.

ಕಾಮರ್ಸ್‌ಗೆ ಏನು ಸಂಬಂಧ?

ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬದಲಾವಣೆಯ ದಾಖಲೆ ಉಳಿಯಬೇಕು, ಅದನ್ನು ಯಾರೂ ಬಂದ್ ಮಾಡುವಂತಿರಬಾರದು. ಇದಕ್ಕೆ ಆಡಿಟ್ ಟ್ರೇಲ್ ಎನ್ನುತ್ತಾರೆ. ಬೆಂಗಳೂರಿನ ಟ್ಯಾಲಿ ಇದನ್ನೇ ಎಡಿಟ್ ಲಾಗ್ ಎಂದು ಕೊಟ್ಟಿದೆ. ಗಿಟ್ ತಿಳಿದವರಿಗೆ ಇದು ಹೊಸತೆನಿಸದು.

ಕನ್ನಡಕ್ಕೆ ಏನು ಲಾಭ?

ಅರವಿಂದ ವಿ.ಕೆ. ಅವರ ‘ಗುಬ್ಬಿ’ ಮತ್ತು ‘ನವಿಲು’ ಕನ್ನಡ ಫಾಂಟುಗಳು ಮುಕ್ತ ಪರವಾನಗಿಯಲ್ಲಿವೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಡೆಬಿಯನ್ ಲಿನಕ್ಸ್‌ನಲ್ಲೂ ಇವು ಸಿಗುತ್ತವೆ. ಇಂಥ ಕೆಲಸಗಳಿಗೆ ಕೋಡ್ ಬರೆಯುವವರಷ್ಟೇ ಸಾಲದು. ಒತ್ತಕ್ಷರ ಎಲ್ಲಿ ತಪ್ಪಾಗಿ ಮೂಡುತ್ತದೆ, ಅನುವಾದ ಎಲ್ಲಿ ಸರಿಯಿಲ್ಲ ಎಂದು ತಿಳಿಸುವವರೂ ಬೇಕು. ಅದು ನಮ್ಮಿಂದಲೂ ಆಗುತ್ತದೆ.

ಶುರು ಮಾಡುವ ಬಗೆ

ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೂ ಮೊಬೈಲ್ ಬ್ರೌಸರಿನಲ್ಲಿ ಗಿಟ್‌ಹಬ್ ತೆರೆದು ಒಂದು ಸಾಲು ತಿದ್ದಿ ಪುಲ್ ರಿಕ್ವೆಸ್ಟ್ ಕಳಿಸಬಹುದು. ಖಾತೆ ಉಚಿತ. ಒಂದು ಎಚ್ಚರಿಕೆ: ಪಾಸ್‌ವರ್ಡ್, ಫೋನ್ ನಂಬರ್, ಆಧಾರ್ ಸಂಖ್ಯೆಯನ್ನು ಯಾವ ಫೈಲಿನಲ್ಲೂ ಬರೆಯಬೇಡಿ. ಆಮೇಲೆ ಅಳಿಸಿದರೂ ಇತಿಹಾಸದಲ್ಲಿ ಅದು ಉಳಿದಿರುತ್ತದೆ.

ಈ ವಾರ ಲೆಕ್ಕಶಾಸ್ತ್ರದ ಹತ್ತು ಪದಗಳನ್ನು ಮೂರು ಭಾಷೆಗಳಲ್ಲಿ ಬರೆದು ನಿಮ್ಮದೇ ರೆಪಾಸಿಟರಿ ಮಾಡಿ. ಹನ್ನೊಂದನೆಯ ಪದವನ್ನು ಗೆಳೆಯರು ಪುಲ್ ರಿಕ್ವೆಸ್ಟ್ ಮೂಲಕ ಸೇರಿಸಲಿ.